ಲಿಂಗರಾಜಪುರದ ಗೋಡೆಯೊಳಗೆ ಕಡಲು ಯಾಕೆ?

ಬೆಂಗಳೂರಿಗೆ ಗಾರೆ, ಟೈಲ್ಸ್, ಪ್ಲಂಬಿಂಗ್ ಕೆಲಸಕ್ಕೆ ಹೋಗುವ ನಮ್ಮ ಕಡೆ ಹುಡುಗರ ಬಾಯಲ್ಲಿ ಈಗ ಒಂದು ಹೊಸ ಪದ ಕೇಳುತ್ತಿದ್ದೇವೆ: ‘ರೀಫ್ ಟ್ಯಾಂಕ್’. ಹಳೇ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುವಾಗಲೇ ಹಾಲ್‌ನ ಗೋಡೆಗೆ ದೊಡ್ಡ ಗಾಜಿನ ತೊಟ್ಟಿ ಕೂರಿಸುವುದು. ಅದರಲ್ಲಿ ಉಪ್ಪುನೀರು, ಸಮುದ್ರದ ಮೀನು, ಜೀವಂತ ಹವಳ. ಲಿಂಗರಾಜಪುರ, ಕಮ್ಮನಹಳ್ಳಿ, ಬಾಣಸವಾಡಿ ಕಡೆಯ ಕಿರಿದಾದ ರಸ್ತೆಗಳಲ್ಲಿ ಟ್ಯಾಂಕರ್ ತಿರುಗಿಸಲೇ ಜಾಗವಿಲ್ಲ. ಅಂಥ ಕಡೆ ಮನೆಯೊಳಗೆ ಸಮುದ್ರ!

ನಮ್ಮ ಮಾತು ನೇರ. ಈ ಶೋಕಿ ಬೇಡ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇವೆ.

ಎಂಟಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ತೊಟ್ಟಿ ಎಂದುಕೊಳ್ಳಿ. ಅದಕ್ಕೆ ಸುಮಾರು 2,000 ಲೀಟರ್ ನೀರು ಬೇಕು. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಸಾಕು ಅನ್ನುತ್ತದೆ. ಅಂದರೆ ಇದು 36 ಜನರ ಒಂದು ದಿನದ ನೀರು. ಅಷ್ಟಕ್ಕೇ ಮುಗಿಯುವುದಿಲ್ಲ. ಹವಳಕ್ಕೆ ಬೋರ್ ನೀರು, ನಲ್ಲಿ ನೀರು ಹಾಗೇ ಆಗುವುದಿಲ್ಲ, ಆರ್‌ಒ ಮಾಡಬೇಕು. ಒಂದು ಲೀಟರ್ ಶುದ್ಧ ನೀರಿಗೆ ಎರಡು ಲೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು ಹೊರಗೆ ಹೋಗುತ್ತದೆ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ಬದಲಾಯಿಸಿದರೂ 200 ಲೀಟರ್. ಅದಕ್ಕಾಗಿ ಎಳೆಯುವ ನೀರು 600 ಲೀಟರ್. ಆವಿಯಾಗಿ ಹೋಗುವ ನೀರನ್ನು ದಿನಾ ತುಂಬಿಸುವುದು ಬೇರೆ.

ಈ ನೀರು ಎಲ್ಲಿಂದ ಬರುತ್ತದೆ? ತೊರೆಕಾಡನಹಳ್ಳಿಯಿಂದ, ನೂರು ಕಿ.ಮೀ. ದೂರದಿಂದ, ಮೂರು ಕಡೆ ಪಂಪ್ ಮಾಡಿ ಎತ್ತಿದ ಕಾವೇರಿ. ಇಲ್ಲವಾದರೆ ನೆಲದಾಳದ ಬೋರ್. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಿತು. ಕಾರು ತೊಳೆಯುವ ಎರಡು ಬಕೆಟ್ ನೀರು ತಪ್ಪಾದರೆ, ಗೋಡೆಯೊಳಗಿನ ಸಮುದ್ರಕ್ಕೆ ವಾರವಾರ 600 ಲೀಟರ್ ಯಾವ ಲೆಕ್ಕದಲ್ಲಿ ಸರಿ?

ಇನ್ನು ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. ವಾರಕ್ಕೆ 200 ಲೀಟರ್ ಚೆಲ್ಲಿದರೆ 7 ಕೆ.ಜಿ. ಉಪ್ಪು ಮೋರಿಗೆ, ವರ್ಷಕ್ಕೆ 360 ಕೆ.ಜಿ. ಮೇಲೆ. ಮೋರಿ ನೀರು ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಕೋಲಾರ, ಚಿಕ್ಕಬಳ್ಳಾಪುರದವರನ್ನು ಕೇಳಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ರೈತರು ಕೂಗಿದ್ದೇ ಕೂಗಿದ್ದು. ಆ ಎರಡು ಹಂತದಲ್ಲಿ ಗಲೀಜು ಹೋಗುತ್ತದೆ, ನೀರಲ್ಲಿ ಕರಗಿದ ಉಪ್ಪು ಹೋಗುವುದಿಲ್ಲ. ಒಂದು ಮನೆಯ ಉಪ್ಪಿನಿಂದ ನಮ್ಮ ಕೆರೆ ಉಪ್ಪಾಗುತ್ತದೆ ಅಂತ ನಾವು ಸುಳ್ಳು ಹೇಳುವುದಿಲ್ಲ. ಅಷ್ಟು ದೊಡ್ಡ ಊರಿನ ನೀರಲ್ಲಿ ಅದು ಚಿಟಿಕೆ. ಆದರೆ ಎಲ್ಲರೂ ಅದೇ ಮಾತು ಹೇಳಿ ತಮ್ಮ ತಮ್ಮ ಚಿಟಿಕೆ ಹಾಕುತ್ತಾರೆ, ಕೊನೆಗೆ ಉಣ್ಣುವವರು ಕೆಳಗಿನ ಊರಿನವರು.

ತೂಕದ ಮಾತೂ ಇದೆ. ವಾಸದ ಮನೆಯ ನೆಲಕ್ಕೆ ಎಂಜಿನಿಯರುಗಳು ಹಾಕಿಕೊಳ್ಳುವ ಹೊರೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಮೂರಡಿ ನಿಂತ ನೀರೊಂದೇ ಚದರ ಮೀಟರಿಗೆ 900 ಕೆ.ಜಿ. ಬೀಳುತ್ತದೆ. ಗಾಜು, ಕಲ್ಲು, ಮರಳು ಬೇರೆ. ಲೆಕ್ಕ ಹಾಕದೆ ಮೂರನೇ ಮಹಡಿಯಲ್ಲಿ ಕೂರಿಸಿದರೆ, ಅದರ ಕೆಳಗೆ ನಿಂತು ಕೆಲಸ ಮಾಡುವವರು ನಮ್ಮ ಹುಡುಗರೇ.

ಎಲ್ಲಕ್ಕಿಂತ ದೊಡ್ಡದು ಹವಳದ ವಿಷಯ. ಹವಳ ಅಂದರೆ ನಮಗೆ ಉಂಗುರದ ಕೆಂಪು ಹರಳು ನೆನಪಾಗುತ್ತದೆ. ಅದು ಬೇರೆ ಜಾತಿ. ಇದು ಬಂಡೆ ಕಟ್ಟುವ ಹವಳ. ನೋಡಲು ಕಲ್ಲು, ಗಿಡ ಎರಡರ ಹಾಗೂ ಕಂಡರೂ ಅದು ಪ್ರಾಣಿ. ಗುಂಡು ಹವಳ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು. ತೆಂಗಿನಕಾಯಿ ಗಾತ್ರದ ಹವಳ ಒಡೆದರೆ ಎಷ್ಟು ವರ್ಷದ ಬದುಕು ಒಡೆದಂತೆ ಎಂದು ನೀವೇ ಎಣಿಸಿ.

ಅದಕ್ಕೇ 2001ರಲ್ಲಿ ಬಂಡೆ ಕಟ್ಟುವ ಹವಳಗಳನ್ನೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿದರು. ಹುಲಿ, ಆನೆ ಇರುವ ಪಟ್ಟಿ ಅದು. ಸಮುದ್ರ ಕುದುರೆಯೂ ಅದರಲ್ಲಿದೆ. ಈ ಪಟ್ಟಿಯ ಪ್ರಾಣಿಯ ಅಪರಾಧಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಹಾಲ್‌ನಲ್ಲಿ ಹುಲಿ ಚರ್ಮ ನೇತು ಹಾಕಿದರೆ ನೆಂಟರು ಹೆದರುತ್ತಾರೆ. ಹವಳ ಇಟ್ಟರೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕಾನೂನಿನ ಕಣ್ಣಿಗೆ ಎರಡೂ ಒಂದೇ ಪಟ್ಟಿ.

‘ನಮ್ಮದು ವಿದೇಶದಿಂದ ಬಂದದ್ದು’ ಅನ್ನುವವರಿದ್ದಾರೆ. ಗಟ್ಟಿ ಹವಳ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲೂ ಇದೆ. ಗಡಿ ದಾಟಬೇಕಾದರೆ ಪರವಾನಗಿ ಪತ್ರ ಬೇಕು. ಪತ್ರ ತೋರಿಸಲಿ, ನಾವು ಸುಮ್ಮನಾಗುತ್ತೇವೆ.

‘ಅವರ ದುಡ್ಡು, ಅವರ ಮನೆ, ನಿಮಗೇನು ಹೊಟ್ಟೆಕಿಚ್ಚು?’ ಅನ್ನುವವರೂ ಇದ್ದಾರೆ. ಮನೆ ಅವರದು, ಒಪ್ಪಿದೆವು. ಕಾವೇರಿ ಅವರದಲ್ಲ, ಹವಳ ಅವರದಲ್ಲ, ಮೋರಿಯ ಕೊನೆಯಲ್ಲಿರುವ ಕೆರೆ ಅವರದಲ್ಲ. ನಮ್ಮೂರಲ್ಲಿ ಕೆರೆ ಮಣ್ಣು ಹೊಡೆದರೂ ಯಾರಪ್ಪಣೆ ಅಂತ ಕೇಳುತ್ತಾರೆ. ಪೇಟೆಯವರನ್ನು ಕೇಳಬಾರದೇ?

ಮೀನು ಸಾಕುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ಕಂಡುಹಿಡಿದಿದೆ. ಅಂಥ ಸಾಕಣೆಯಿಂದ ಕರಾವಳಿಯ ಹೆಣ್ಣುಮಕ್ಕಳಿಗೆ ನಾಲ್ಕು ಕಾಸು ಬಂದರೆ ನಮಗೆ ಸಂತೋಷವೇ. ಆದರೆ ಸಮುದ್ರದ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಜಾತಿ ಇಂದಿಗೂ ಕಡಲಿಂದ ಹಿಡಿದು ತಂದವೇ. ಕರೆಂಟ್ ನಾಲ್ಕು ಗಂಟೆ ಹೋಗಿ ಪಂಪ್ ನಿಂತರೆ ಉಸಿರುಗಟ್ಟಿ ಸಾಯುವ ಜೀವ ಅವು. ಆಸೆ ಇದ್ದರೆ ಸಿಹಿನೀರಿನ ಸಣ್ಣ ತೊಟ್ಟಿ ಇಡಿ. ಹಳೇ ನೀರು ಗಿಡಕ್ಕಾದರೂ ಆಗುತ್ತದೆ.

ಹವಳ ನೋಡಲೇಬೇಕೆಂದರೆ ನಮ್ಮ ರಾಜ್ಯದಲ್ಲೇ ಇದೆ. ಮುರ್ಡೇಶ್ವರದಿಂದ ಸುಮಾರು 20 ಕಿ.ಮೀ. ಸಮುದ್ರದಲ್ಲಿ ನೇತ್ರಾಣಿ ದ್ವೀಪ. ಹೋಗಿ, ಮುಳುಗಿ ನೋಡಿ, ಮುಟ್ಟದೆ ಬನ್ನಿ. ದೋಣಿಯವರಿಗೂ ಕೂಲಿ ಸಿಗುತ್ತದೆ. ನೀರು ಬಿಸಿಯಾಗಿ ಲಕ್ಷದ್ವೀಪದ ಹವಳ 1998, 2010, 2016, ಮತ್ತೆ 2024ರಲ್ಲಿ ಬಿಳಚಿಕೊಂಡಿತು. ಉಳಿದಿರುವುದನ್ನು ಕಿತ್ತು ಗೋಡೆಗೆ ತುಂಬುವ ಕಾಲ ಇದಲ್ಲ.

ಸರ್ಕಾರಕ್ಕೆ ನಮ್ಮ ಬೇಡಿಕೆ ಎರಡೇ. ಸಾವಿರ ಲೀಟರಿಗೆ ಮೇಲಿನ ಉಪ್ಪುನೀರಿನ ತೊಟ್ಟಿ ಮನೆ ನಕ್ಷೆಯಲ್ಲೇ ನಮೂದಾಗಲಿ. ಅದರೊಳಗಿನ ಜೀವಗಳಿಗೆ ಕಾಗದ ಕೇಳಲಿ.

ನಮ್ಮ ಹುಡುಗರಿಗೆ ಒಂದು ಮಾತು. ಥರ್ಮೋಕೋಲ್ ಡಬ್ಬಿ ಕೊಟ್ಟು ‘ಇದನ್ನು ಮೇಲಕ್ಕೆ ಸಾಗಿಸಪ್ಪ’ ಅಂದರೆ ಒಳಗೇನಿದೆ ಕೇಳಿ. ಹವಳ ಅಂದರೆ ಬಿಲ್, ಪರವಾನಗಿ ತೋರಿಸಿ ಅನ್ನಿ. ತೋರಿಸದಿದ್ದರೆ ಅಲ್ಲೇ ಕೆಳಗಿಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ದಿನದ ಕೂಲಿ ಹೋದರೆ ನಾಳೆ ದುಡಿಯಬಹುದು. ಕೇಸಾದರೆ ಓನರ್ ವಕೀಲರನ್ನು ಇಟ್ಟುಕೊಳ್ಳುತ್ತಾನೆ, ಡಬ್ಬಿ ಹೊತ್ತವನಿಗೆ ಯಾರು ಬರುತ್ತಾರೆ?