ಅಡಿಗೆಭಟ್ಟನ ಕೇಸು

ನಮ್ಮ ಚಿಕ್ಕಪ್ಪ ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು. ಬಿತ್ತನೆ ಆಲೂಗಡ್ಡೆ ತರಲು ನಮ್ಮೂರು ಮೊಸಳೆಯಿಂದ ಹಾಸನಕ್ಕೆ ಗಾಡಿ ಹೊಡೆದುಕೊಂಡು ಹೋದನೆಂದರೆ, ಬರುವಾಗ ಟವೆಲ್ಲಿನ ಗಂಟಿನಲ್ಲಿ ಕಡ್ಲೆಪುರಿ, ಅದರಡಿ ಬಾಡಿಗೆಗೆ ತಂದ ಪತ್ತೇದಾರಿ ಪುಸ್ತಕ. ರಾತ್ರಿ ಜಗಲಿ ಮೇಲೆ ಲಾಟೀನು ಇಟ್ಟುಕೊಂಡು, ಸಾಲಿನ ಕೆಳಗೆ ಬೆರಳಾಡಿಸುತ್ತ ಗಟ್ಟಿಯಾಗಿ ಓದುವನು. ಗೆಡ್ಡೆ ಹೋಳು ಮಾಡುತ್ತ ಕೂತ ಹೆಂಗಸರು ಕೇಳುವರು.

ಒಂದು ಸಲದ ಪುಸ್ತಕಕ್ಕೆ ಹೊದಿಕೆ ಇರಲಿಲ್ಲ. ಕೊನೆಯ ಹಾಳೆಗಳೂ ಇಲ್ಲವೆಂದು ಅವನಿಗೆ ತಿಳಿದದ್ದು ಮೂರನೇ ರಾತ್ರಿ. ಕೇಳುವವರಿಗೆ ತಿಳಿಯಲೇ ಇಲ್ಲ. ಇದ್ದ ಹಾಳೆಗಳನ್ನೇ ಹಿಂದೆ ಮುಂದೆ ತಿರುವುತ್ತ, ಅದೇ ರಾಗದಲ್ಲಿ ‘ಓದಿ’, ಕಥೆಯ ಅಡಿಗೆಭಟ್ಟನನ್ನು ಪತ್ತೇದಾರ ಪುರುಷೋತ್ತಮನ ಕೈಗೆ ಹಿಡಿದುಕೊಟ್ಟುಬಿಟ್ಟ. ಪಕ್ಕದಲ್ಲಿ ಇಣುಕುತ್ತಿದ್ದ ನಾನೊಬ್ಬನೇ ಸಾಕ್ಷಿ. ‘ಬಾಯ್ಬಿಟ್ಟೀಯ, ಹುಷಾರ್ ಕಣ್ಲಾ’ ಅಂತ ತೊಡೆ ಚಿವುಟಿದ.

ಮೊನ್ನೆ ಒಂದು ಸಮಾರಂಭದಲ್ಲಿ ಭಾಷಣಕಾರರೊಬ್ಬರು ‘ಎನ್. ನರಸಿಂಹಯ್ಯನವರನ್ನು ಓದಿಯೇ ನಾವು ಭೈರಪ್ಪನವರವರೆಗೆ ಬಂದದ್ದು’ ಅಂದರು. ಚಪ್ಪಾಳೆಯೂ ಬಿತ್ತು. ಗೊರೂರು, ಭೈರಪ್ಪ ಇಬ್ಬರೂ ನಮ್ಮ ಜಿಲ್ಲೆಯವರೇ, ಆ ಹೆಮ್ಮೆ ನನಗೂ ಉಂಟು. ಆದರೆ ಈ ಏಣಿ ಮಾತು ನನಗೆ ಸೇರುವುದಿಲ್ಲ. ಚಿಕ್ಕಪ್ಪ ಎಲ್ಲಿಗೂ ಹತ್ತಲಿಲ್ಲ. ಸಾಯುವವರೆಗೂ ಪತ್ತೇದಾರಿಯನ್ನೇ ಓದಿದ, ಖುಷಿಯಾಗಿದ್ದ. ಅವನು ಓದುಗನಲ್ಲವೇ?

ನರಸಿಂಹಯ್ಯನವರೂ ಓದಿದ್ದು ನಾಲ್ಕನೇ ತರಗತಿವರೆಗೆ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ತಂದವರು, 2011ರಲ್ಲಿ ತೀರಿಕೊಳ್ಳುವಷ್ಟರಲ್ಲಿ 500ಕ್ಕೂ ಹೆಚ್ಚು ಕಾದಂಬರಿ ಬರೆದಿದ್ದರು. ಶಾಲೆ ಬಿಟ್ಟವನೊಬ್ಬ ಶಾಲೆ ಬಿಟ್ಟವರಿಗಾಗಿ ಬರೆದ ಕನ್ನಡ ಅದು. ಬೆರಳಿಟ್ಟು ಓದುವವನಿಗೂ ಎಲ್ಲೂ ತೊಡರುತ್ತಿರಲಿಲ್ಲ.

ಅಮೆರಿಕದಲ್ಲೂ ಹೀಗೇ ಆಯಿತು. ಮರದ ತಿರುಳಿನ ಅಗ್ಗದ ಕಾಗದದಲ್ಲಿ 1920ರಲ್ಲಿ ‘ಬ್ಲ್ಯಾಕ್ ಮಾಸ್ಕ್’ ಎಂಬ ಪತ್ರಿಕೆ ಶುರುವಾಯಿತು. ಅದನ್ನು ಹುಟ್ಟಿಸಿದ ಎಚ್.ಎಲ್. ಮೆಂಕನ್, ಜಾರ್ಜ್ ಜೀನ್ ನೇಥನ್ ಇಬ್ಬರಿಗೂ ಅದರ ಮೇಲೆ ಗೌರವವಿರಲಿಲ್ಲ. ತಮ್ಮ ಘನವಾದ ಇನ್ನೊಂದು ಪತ್ರಿಕೆಯನ್ನು ಸಾಕಲು ತೆಗೆದದ್ದು, ವರ್ಷ ತುಂಬುವ ಮೊದಲೇ ಮಾರಿಬಿಟ್ಟರು. ಅದೇ ಪತ್ರಿಕೆಗೆ 1923ರಿಂದ ಪತ್ತೇದಾರಿ ಕಥೆ ಬರೆದ ಡ್ಯಾಶಿಯಲ್ ಹ್ಯಾಮೆಟ್. ಅವನೂ ಅರ್ಧಕ್ಕೇ ಶಾಲೆ ಬಿಟ್ಟವನು, ಪಿಂಕರ್ಟನ್ ಏಜೆನ್ಸಿಯಲ್ಲಿ ನಿಜವಾಗಿಯೇ ಪತ್ತೇದಾರನಾಗಿದ್ದವನು. ‘ದಿ ಮಾಲ್ಟೀಸ್ ಫಾಲ್ಕನ್’ 1929ರಲ್ಲಿ ಅಲ್ಲೇ ಧಾರಾವಾಹಿಯಾಗಿ ಶುರುವಾಯಿತು. ಇಂದು ಅವನ ಕಾದಂಬರಿಗಳು ಅಲ್ಲಿನ ಮಾನ್ಯ ಲೇಖಕರ ಸಂಪುಟಗಳ ಸಾಲಿನಲ್ಲಿವೆ.

ನರಸಿಂಹಯ್ಯನವರು ಹ್ಯಾಮೆಟ್‌ಗೆ ಸಮ ಅಂತ ನಾನು ಹೇಳುತ್ತಿಲ್ಲ. ಹ್ಯಾಮೆಟ್‌ನಲ್ಲಿ ಊರಿಗೆ ಊರೇ ಕೊಳೆತಿರುತ್ತದೆ, ಪೊಲೀಸರನ್ನೂ ನಂಬುವಂತಿಲ್ಲ. ನಮ್ಮ ಪುರುಷೋತ್ತಮನ ಲೋಕದಲ್ಲಿ ಕಳ್ಳ ಸಿಕ್ಕಿಬಿದ್ದರೆ ಮಿಕ್ಕವರೆಲ್ಲ ನೆಮ್ಮದಿಯಾಗಿ ಮಲಗಬಹುದು. ನಮ್ಮ ಜಗಲಿಗೆ ಬೇಕಾಗಿದ್ದದ್ದು ಅದೇ.

ಈಗ ಆ ಪುಸ್ತಕಗಳೆಲ್ಲಿ? ಒಂದು ಗ್ರಂಥಾಲಯದಲ್ಲಿ ಕೇಳಿದೆ. ‘ಅವನ್ನೆಲ್ಲ ಯಾವಾಗಲೋ ರದ್ದಿಗೆ ಹಾಕಿದೀವಿ ಸಾರ್’ ಅಂದರು. ಅಚ್ಚಾದ ಪ್ರತಿ ಪುಸ್ತಕವನ್ನೂ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ, ಸರಿ. ಮೊಸಳೆಯವನು ಪುರುಷೋತ್ತಮನನ್ನು ನೋಡಲು ಹೌರಾ ರೈಲು ಹತ್ತಬೇಕೇ? ನಮ್ಮೂರಿನ ನಾಗೇಶ್ವರ, ಚೆನ್ನಕೇಶವ ಜೋಡಿ ಗುಡಿಗಳು ಎಂಟು ನೂರು ವರ್ಷ ನಿಂತದ್ದು ಕಲ್ಲಾದ್ದರಿಂದ. ಈ ಕಾಗದಕ್ಕೆ ಆ ಆಯಸ್ಸಿಲ್ಲ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಮಡಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಜಿಲ್ಲೆಗೊಂದು ಬೀರು ಇಟ್ಟು, ಅಟ್ಟದ ಮೇಲಿರುವುದನ್ನು ಜನರಿಂದ ಕೇಳಿ ಪಡೆದು, ಸ್ಕ್ಯಾನ್ ಮಾಡಿಸಿದರೆ ಬೊಕ್ಕಸವೇನೂ ಬರಿದಾಗದು.

ನನ್ನ ಸ್ವಾರ್ಥವೂ ಇದೆ. ನಮ್ಮ ಮನೆಯಲ್ಲಿ ಇಂದಿಗೂ ಬೆಲ್ಲದ ಅಚ್ಚು ಕಾಣೆಯಾದರೆ ‘ಅಡಿಗೆಭಟ್ಟನ್ನ ಕೇಳಿ’ ಅನ್ನುತ್ತಾರೆ. ನಮಗೆ ಯಾವತ್ತೂ ಅಡಿಗೆಭಟ್ಟರಿರಲಿಲ್ಲ. ಪುಸ್ತಕದ ಹೆಸರು ಗೊತ್ತಿಲ್ಲ. ಆ ಬಡಪಾಯಿ ನಿರಪರಾಧಿ ಅಂತ ನನಗೆ ಬಲವಾದ ಗುಮಾನಿ. ಕೊನೆಯ ಹಾಳೆ ಸಿಗದೆ ಬಿಡಿಸುವ ಹಾಗಿಲ್ಲ.