ಹುಲಿಯ ಮರಣವನ್ನು ಮರೆಮಾಡಬೇಕೆ?

ಗೋವಿನ ಹಾಡನ್ನು ಕೇಳದೆ ಬೆಳೆದ ಕನ್ನಡ ಕೂಸು ವಿರಳ. ಪುಣ್ಯಕೋಟಿಯು ಕೊಟ್ಟ ಮಾತಿನಂತೆ ಕರುವಿಗೆ ಹಾಲೂಡಿಸಿ ಹುಲಿಯ ಬಳಿಗೆ ತಿರುಗಿ ಬರುವದು. ಅದರ ಸತ್ಯಕ್ಕೆ ನಾಚಿದ ಹುಲಿಯು ತಾನೇ ಪ್ರಾಣವನ್ನು ನೀಗುವದು. ಮಕ್ಕಳು ಅಳುವರೆಂಬ ಅಂಜಿಕೆಯಿಂದ ಕೆಲವು ಗೃಹಸ್ಥರು ಈ ಕೊನೆಯನ್ನು ತಿದ್ದಿ, ಹುಲಿಯು ಸುಮ್ಮನೆ ಅಡವಿಗೆ ಹೋಯಿತೆಂದು ಹೇಳುವದನ್ನು ನಾವು ಕೇಳಿದ್ದೇವೆ. ಇದು ಯುಕ್ತವೇ ಎಂಬದನ್ನು ಈ ತಿಂಗಳು ವಿಚಾರಿಸೋಣ.

ಕಥೆಯೊಳಗಿನ ಜೀವವು ಸತ್ತರೆ ನಾವೇಕೆ ಅಳಬೇಕು? ಪ್ರಶ್ನೆಯು ಹಳೆಯದು. ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಇದನ್ನು ಎತ್ತಿಕೊಂಡು, ಕರುಣರಸವು ಬರಿಯ ದುಃಖವೇ ಆಗಿದ್ದರೆ ಅದರ ಕಡೆಗೆ ಯಾರೂ ಮುಖ ಮಾಡುತ್ತಿರಲಿಲ್ಲ, ರಾಮಾಯಣವೂ ದುಃಖದ ಕಾರಣವೆನಿಸುತ್ತಿತ್ತು ಎಂದು ಸಮಾಧಾನ ಹೇಳಿರುವನು. ಅವನ ಮತದಂತೆ ಕಾವ್ಯದ ಕಣ್ಣೀರು ಚಿತ್ತವು ಕರಗುವದರಿಂದ ಬರತಕ್ಕದ್ದು. ನಮ್ಮ ಹಿರೇಕೊಟ್ನೆಕಲ್ ಇರುವ ಮಾನವಿ ಸೀಮೆಯ ಬಯಲಾಟಗಳಿಗೆ ಈ ಮಾತು ಸಲ್ಲುವದು. ಅಭಿಮನ್ಯುವು ಬೀಳುವನೆಂಬದನ್ನು ಬಲ್ಲವರೇ ಬೆಳಗಿನವರೆಗೆ ನಿದ್ದೆಗೆಟ್ಟು ಕೂಡ್ರುವರು.

ಕರಗಿದ ಚಿತ್ತಕ್ಕೆ ತನ್ನವರು, ಪರರು ಎಂಬ ಭೇದವಿರದು. ಪಂಪನು 941ರಲ್ಲಿ ‘ವಿಕ್ರಮಾರ್ಜುನವಿಜಯ’ವನ್ನು ರಚಿಸಿದ್ದು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಕೊಂಡಾಡುವದಕ್ಕಾಗಿ. ಆದರೂ ಕರ್ಣನು ಬಿದ್ದಾಗ, ಭಾರತದಲ್ಲಿ ನೆನೆಯುವದಾದರೆ ಕರ್ಣನನ್ನೇ ನೆನೆಯಿರೆಂದು ಆ ಕವಿಯು ಹೇಳಿದನು. ಕೊಂದವನು ಕಾವ್ಯದ ನಾಯಕ. ಕಣ್ಣೀರು ಮಾತ್ರ ಸತ್ತವನಿಗೆ.

ಸತ್ತ ಪಾತ್ರವನ್ನು ಬದುಕಿಸಿದ ಉದಾಹರಣೆಯು ಇಲ್ಲವೆಂದಲ್ಲ. ಆಂಗ್ಲ ಲೇಖಕ ಕಾನನ್ ಡಾಯಲನು ತನ್ನ ಪತ್ತೇದಾರ ಶೆರ್ಲಾಕ್ ಹೋಮ್ಸನನ್ನು 1893ರಲ್ಲಿ ಜಲಪಾತದ ಪಾಲುಮಾಡಿದನು. ವಾಚಕರು ಸಿಟ್ಟಿಗೆದ್ದರು, 1903ರಲ್ಲಿ ಅವನು ಬದುಕಿರುವನೆಂದು ಬರೆಯಬೇಕಾಯಿತು. ಆದರೆ ಆ ಮರಣವು ಬೇಕಾದದ್ದು ಕಥೆಗಲ್ಲ, ಬೇಸತ್ತ ಲೇಖಕನಿಗೆ. ಆದುದರಿಂದಲೇ ಅಳಿಸಲು ಬಂದಿತು. ಹುಲಿಯ ಮರಣವನ್ನು ಹಾಗೆ ಅಳಿಸಲಾಗದು. ಹುಲಿಯು ಬದುಕಿ ಅಡವಿಗೆ ಹೋದರೆ, ನಾಳೆ ಇನ್ನೊಂದು ಹಸುವನ್ನು ಹಿಡಿಯುವದೆಂದೇ ಕೂಸು ತಿಳಿಯುವದು. ಸತ್ಯವು ಕ್ರೂರಜೀವವನ್ನೂ ಬದಲಿಸಬಲ್ಲದೆಂಬ ಮಾತು ಅದರ ಎದೆಗೆ ತಾಕದು.

ಹುಲಿಯನ್ನು ಕಂಡು ಹೆದರಿ ತಾಯಿಯ ಸೆರಗನ್ನು ಹಿಡಿದ ಕೂಸೇ ಮರುಗಳಿಗೆಯಲ್ಲಿ ಆ ಹುಲಿಗಾಗಿ ಅಳುವದು. ಇದಕ್ಕಿಂತ ದೊಡ್ಡ ಪಾಠವನ್ನು ಯಾವ ಶಾಲೆಯು ಕಲಿಸೀತು? ಅಜ್ಜನೋ ಅಜ್ಜಿಯೋ ಹೋಗುವ ದಿನವು ಪ್ರತಿ ಮನೆಗೂ ಬರತಕ್ಕದ್ದು. ಹುಲಿಗಾಗಿ ಅತ್ತ ಕೂಸಿಗೆ ಅಂದಿನ ದುಃಖವು ಕಡಿಮೆಯಾಗದಿದ್ದರೂ ಪೂರ್ತಿ ಅಪರಿಚಿತವಾಗಿರದು. ಆದುದರಿಂದ ವಾಚಕರೇ, ಹಾಡನ್ನು ಕೊನೆಯವರೆಗೂ ಹಾಡಿರಿ. ಕೂಸು ಅತ್ತರೆ ಸುಮ್ಮನಿರೆಂದು ಗದರದೆ ತೊಡೆಯ ಮೇಲೆ ಕೂಡ್ರಿಸಿಕೊಳ್ಳಿರಿ.