ಹಳೆಯ ಪಿಸ್ತೂಲಿನ ಬೆಲೆ

೧೯೦೮ರಲ್ಲಿ ಜರ್ಮನ್ ಸೈನ್ಯವು ಅಂಗೀಕರಿಸಿದ ಲೂಗರ್ ಪಿಸ್ತೂಲನ್ನು ಎರಡನೆಯ ಮಹಾಯುದ್ಧದ ತರುವಾಯ ಎಷ್ಟೋ ಅಮೆರಿಕನ್ ಸೈನಿಕರು ನೆನಪಿಗೆಂದು ಮನೆಗೆ ಒಯ್ದರು. ಇಂದು ಸಂಗ್ರಾಹಕರು ಅದಕ್ಕೆ ಬೆಲೆ ಕಟ್ಟುವಾಗ ಮೊದಲು ನೋಡುವುದು ಹೊಳಪನ್ನಲ್ಲ, ಅಂಕಿಗಳನ್ನು. ಕಾರ್ಖಾನೆಯವರು ಪಿಸ್ತೂಲಿನ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಸಣ್ಣಪುಟ್ಟ ಭಾಗಗಳ ಮೇಲೂ ಒತ್ತುತ್ತಿದ್ದರು. ಅವೆಲ್ಲ ತಾಳೆಯಾದರೆ ಬೆಲೆ ಏರುವುದು. ಒಂದು ತಪ್ಪಿದರೂ ಇಳಿಯುವುದು.

ಇದನ್ನರಿಯದ ಮೊಮ್ಮಗನು ಅಜ್ಜನ ಪಿಸ್ತೂಲನ್ನು ಅಕ್ಕರೆಯಿಂದ ಉಜ್ಜಿಸಿ, ಹೊಸ ಮೆರುಗು ಕೊಡಿಸಿ ಮಾರಲು ಒಯ್ಯುತ್ತಾನೆ. ಪರೀಕ್ಷಕನು ಮೌನವಾಗಿ ಹಿಂದಿರುಗಿಸುತ್ತಾನೆ. ಹಳೆಯ ಮೆರುಗಿನೊಡನೆ ಮುದ್ರೆಗಳೂ ಮಸುಕಾಗಿವೆ. ಬೆಲೆಯ ದೊಡ್ಡ ಪಾಲು ಹೋಗಿದೆ. ತೆಳ್ಳಗೆ ಎಣ್ಣೆ ಸವರಿ ಮೆತ್ತನೆಯ ಬಟ್ಟೆಯಿಂದ ಒರೆಸಿದ್ದರೆ ಸಾಕಾಗಿತ್ತು. ಮುದಿತನವನ್ನು ಮರೆಮಾಡುವ ಆತುರದಲ್ಲಿ ಅವನು ಅಜ್ಜನ ಕೈಗುರುತನ್ನೇ ಅಳಿಸಿಬಿಟ್ಟನು.